ಬೇರಿನ ಜೀವಕಣದ ಪೊರೆಯೂ ಚೌಳು ನೆಲದ ಬೇಸಾಯವೂ

ನಾಲೆಯ ಅಚ್ಚುಕಟ್ಟಿನ ಕೊನೆಯಲ್ಲಿರುವ ತಗ್ಗು ಜಮೀನುಗಳಲ್ಲಿ ಒಂದು ವಿಚಿತ್ರವು ಅನೇಕ ರೈತರ ಅನುಭವಕ್ಕೆ ಬಂದಿರುತ್ತದೆ. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿದರೆ ಕೈ ಒದ್ದೆಯಾಗುವುದು. ಹಾಗಿದ್ದಾಗ್ಯೂ ಅದರಲ್ಲಿ ನಿಂತಿರುವ ಕಬ್ಬು ಮಧ್ಯಾಹ್ನಕ್ಕೆ ಮುಂಚೆಯೇ ಬಾಡಿ, ಎಲೆಯ ತುದಿಗಳು ಬೆಂಕಿ ತಗುಲಿದಂತೆ ಒಣಗುವುವು. ಇದನ್ನು ಕಂಡ ಒಕ್ಕಲಿಗನು ಪೈರಿಗೆ ನೀರು ಸಾಲದೆಂದು ಎಣಿಸಿ, ಮಡೆ ತಿರುಗಿಸಿ, ಮತ್ತಷ್ಟು ನೀರು ಕಟ್ಟುವನು. ಪೈರು ಇನ್ನೂ ಬಾಡುವುದು. ನಾಲ್ಕೈದು ವರ್ಷಗಳಲ್ಲಿ ನೆಲದ ಮೇಲೆ ಬಿಳಿಯ ಹುಡಿ ಕಾಣಿಸಿಕೊಂಡು, ಕಡೆಗೆ ಆ ಜಮೀನು ಬೀಳು ಬೀಳುವುದು.

ನೆಲದಲ್ಲಿ ನೀರಿರುವುದು ಬೇರೆ, ಆ ನೀರು ಪೈರಿಗೆ ದೊರೆಯುವುದು ಬೇರೆ. ಇವೆರಡರ ನಡುವೆ, ಸುಂಕದ ಕಟ್ಟೆಯ ಕಾವಲುಗಾರನಂತೆ, ಒಂದು ಪೊರೆಯಿರುತ್ತದೆ. ಬೇರಿನ ಪ್ರತಿಯೊಂದು ಜೀವಕಣವನ್ನೂ ಸುತ್ತಿರುವ ಈ ಪೊರೆಯು ಕಣ್ಣಿಗೆ ಕಾಣುವಂಥದ್ದಲ್ಲ. ಆದರೆ ಹೊಲಕ್ಕೆ ನೀರು ಕಟ್ಟುವುದು, ಗೊಬ್ಬರ ಹಾಕುವುದು, ಬಸಿಗಾಲುವೆ ತೋಡುವುದು ಇವೆಲ್ಲವುಗಳ ಫಲವೂ ಕಡೆಯಲ್ಲಿ ಅದರ ಸ್ಥಿತಿಯನ್ನೇ ಅವಲಂಬಿಸಿರುವುದು. ಆ ಪೊರೆಯ ಕಟ್ಟಡವೂ ಕೆಲಸವೂ, ಅದು ಕೆಡುವ ಬಗೆಯೂ ಈ ಪತ್ರಿಕೆಯಲ್ಲಿ ವಿವರಿಸಲ್ಪಟ್ಟಿವೆ.

ಗೋಡೆಯೂ ಪೊರೆಯೂ

ಇಟ್ಟಿಗೆಗಳಿಂದ ಮನೆಯು ಕಟ್ಟಲ್ಪಟ್ಟಿರುವಂತೆ ಗಿಡದ ಶರೀರವೆಲ್ಲವೂ ಜೀವಕಣಗಳೆಂಬ ಅತಿ ಸಣ್ಣ ಕೋಣೆಗಳಿಂದ ಕೂಡಿರುವುದು. 1665ರಲ್ಲಿ ರಾಬರ್ಟ್ ಹುಕ್ ಎಂಬ ಇಂಗ್ಲೆಂಡಿನ ವಿದ್ವಾಂಸನು ಸೂಕ್ಷ್ಮದರ್ಶಕದಲ್ಲಿ ಬಿರಡೆಯ ಚೂರನ್ನು ನೋಡಿ ಈ ಕೋಣೆಗಳನ್ನು ವರ್ಣಿಸಿದನು. ಅವನು ಕಂಡದ್ದು ಸತ್ತ ಕಣಗಳ ಬರಿದಾದ ಗೋಡೆಗಳನ್ನು ಮಾತ್ರ. ಜೀವವಿರುವ ಕಣದಲ್ಲಿ ಗೋಡೆಯ ಒಳಮಗ್ಗುಲಿಗೆ ಜೀವರಸವಿರುತ್ತದೆ. ಅದನ್ನು ಸುತ್ತಲೂ ಮುಚ್ಚಿಕೊಂಡಿರುವುದೇ ಪೊರೆ. ಬಲಿತ ಕಣದ ನಡುವೆ ನೀರಿನಿಂದಲೂ ಲವಣಗಳಿಂದಲೂ ತುಂಬಿದ ದೊಡ್ಡದೊಂದು ರಸಚೀಲವಿದ್ದು, ಅದಕ್ಕೂ ಅಂಥದೇ ಮತ್ತೊಂದು ಪೊರೆಯಿರುವುದು.

ಗೋಡೆಗೂ ಪೊರೆಗೂ ಇರುವ ಭೇದವನ್ನು ಮೊದಲು ಮನಸ್ಸಿಗೆ ತಂದುಕೊಳ್ಳತಕ್ಕದ್ದು. ಗೋಡೆಯು ಬಿದಿರಿನ ಕುಕ್ಕೆಯಂತೆ. ಆಕಾರವನ್ನು ಕಾಪಾಡುವುದು, ಆದರೆ ನೀರನ್ನೂ ಅದರಲ್ಲಿ ಕರಗಿರುವ ಉಪ್ಪನ್ನೂ ತಡೆಯಲಾರದು. ಪೊರೆಯು ಆ ಕುಕ್ಕೆಯೊಳಗೆ ಇರಿಸಿದ ತೆಳುವಾದ ಚೀಲದಂತೆ. ಚೀಲದಲ್ಲಿ ನೀರು ತುಂಬಿ ಕುಕ್ಕೆಗೆ ಒತ್ತಿಕೊಂಡಿರುವವರೆಗೂ ಎಲೆಯು ಬಿಗಿಯಾಗಿ ನಿಂತಿರುವುದು. ಚೀಲವು ಸಡಿಲವಾದರೆ ಎಲೆಯು ಜೋಲುವುದು. ಬಾಡುವುದೆಂದರೆ ಇಷ್ಟೇ.

ಇದನ್ನು ಯಾವ ಮನೆಯಲ್ಲಿಯಾದರೂ ಪರೀಕ್ಷಿಸಿ ನೋಡಬಹುದು. ಒಂದೇ ಆಲೂಗಡ್ಡೆಯಿಂದ ಬೆರಳಿನಷ್ಟು ಗಾತ್ರದ ಮೂರು ತುಂಡುಗಳನ್ನು ಕತ್ತರಿಸಿ, ಅವುಗಳಲ್ಲೊಂದನ್ನು ಬೇಯಿಸಿಟ್ಟುಕೊಳ್ಳತಕ್ಕದ್ದು. ಒಂದು ಹಸಿ ತುಂಡನ್ನು ಸಿಹಿನೀರಿನ ಲೋಟದಲ್ಲಿಯೂ, ಇನ್ನೊಂದನ್ನು ಎರಡು ಚಮಚ ಉಪ್ಪು ಕರಗಿಸಿದ ನೀರಿನ ಲೋಟದಲ್ಲಿಯೂ ಹಾಕಿ ನಾಲ್ಕೈದು ಗಂಟೆ ಬಿಟ್ಟರೆ, ಸಿಹಿನೀರಿನದು ಮೊದಲಿಗಿಂತಲೂ ಬಿರುಸಾಗಿ, ಬಗ್ಗಿಸಿದರೆ ಪಟ್ಟನೆ ಮುರಿಯುವುದು. ಉಪ್ಪುನೀರಿನದು ಮೆತ್ತಗಾಗಿ ತೊಗಲಿನಂತೆ ಬಾಗುವುದು. ಬೇಯಿಸಿದ ತುಂಡನ್ನು ಸಿಹಿನೀರಿನಲ್ಲಿ ಎಷ್ಟು ಹೊತ್ತು ಇಟ್ಟರೂ ಅದು ಬಿರುಸಾಗುವುದಿಲ್ಲ. ಅದರಲ್ಲಿ ಗೋಡೆಗಳು ಉಳಿದಿವೆ, ಪೊರೆಗಳು ಬೆಂಕಿಯ ಕಾವಿಗೆ ಹಾಳಾಗಿವೆ. ಇದೇ ಸಂಗತಿಯನ್ನು ಬಣ್ಣದಲ್ಲಿ ಕಾಣಬೇಕಾದರೆ, ಬೀಟ್‌ರೂಟಿನ ಹೋಳುಗಳನ್ನು ಬಣ್ಣ ಬಿಡದಂತಾಗುವವರೆಗೆ ಚೆನ್ನಾಗಿ ತೊಳೆದು, ಒಂದನ್ನು ತಣ್ಣೀರಿನಲ್ಲಿಯೂ ಮತ್ತೊಂದನ್ನು ಕೈಯಿಡಲಾಗದಷ್ಟು ಬಿಸಿಯಾದ ನೀರಿನಲ್ಲಿಯೂ ಹಾಕಬಹುದು. ತಣ್ಣೀರು ಬಹಳ ಹೊತ್ತು ತಿಳಿಯಾಗಿರುವುದು, ಬಿಸಿನೀರು ಕೆಂಪಾಗುವುದು. ಒಳಗಿದ್ದ ಬಣ್ಣವನ್ನು ಅಲ್ಲಿಯವರೆಗೆ ಹಿಡಿದಿಟ್ಟಿದ್ದದ್ದು ಪೊರೆಯೇ. ಮಾವಿನಕಾಯಿಯ ಹೋಳುಗಳಿಗೆ ಉಪ್ಪು ಬೆರಸಿಟ್ಟರೆ ಮಾರನೆಯ ದಿನ ಜಾಡಿಯಲ್ಲಿ ನೀರು ನಿಲ್ಲುವುದನ್ನು ಹೆಂಗಸರೆಲ್ಲರೂ ಬಲ್ಲರು. ಚೌಳು ನೆಲದಲ್ಲಿ ನಾಟಿ ಹಾಕಿದ ಎಳೆಯ ಪೈರಿಗೆ ಆಗುವ ಗತಿಯೂ ಆ ಜಾಡಿಯ ಹೋಳಿನ ಗತಿಯೇ.

ಪೊರೆಯ ಕಟ್ಟಡ

ಪೊರೆಯ ದಪ್ಪವು ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅವುಗಳಲ್ಲಿ ಏಳೆಂಟು ಪಾಲುಗಳಷ್ಟು ಮಾತ್ರ. ಅಷ್ಟು ತೆಳುವಾದುದರ ಕಟ್ಟಡವನ್ನು ತಿಳಿಯುವುದಕ್ಕೆ ವಿದ್ವಾಂಸರು ಬಹುಕಾಲ ಪರೋಕ್ಷ ಮಾರ್ಗಗಳನ್ನೇ ಹಿಡಿಯಬೇಕಾಯಿತು. 1877ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಫೆಫರ್ ಎಂಬವನು, ಕಣದೊಳಕ್ಕೆ ನೀರು ನುಗ್ಗುವ ಒತ್ತಡವನ್ನು ಅಳೆದ ತನ್ನ ಪ್ರಯೋಗಗಳನ್ನು ಪ್ರಕಟಿಸಿ, ಜೀವರಸದ ಮೇಲೆ ಇಂಥದೊಂದು ಪೊರೆಯಿರಲೇಬೇಕೆಂದು ವಾದಿಸಿದನು. ಆ ಶತಮಾನದ ಕಡೆಯ ವರ್ಷಗಳಲ್ಲಿ ಚಾರ್ಲ್ಸ್ ಅರ್ನೆಸ್ಟ್ ಓವರ್ಟನ್ ಎಂಬವನು ನೂರಾರು ಪದಾರ್ಥಗಳನ್ನು ಪರೀಕ್ಷಿಸಿ, ಎಣ್ಣೆಯಲ್ಲಿ ಕರಗತಕ್ಕವು ಕಣದೊಳಕ್ಕೆ ಸುಲಭವಾಗಿ ಹೋಗುವುವೆಂದೂ, ನೀರಿನಲ್ಲಿ ಮಾತ್ರ ಕರಗತಕ್ಕವು ಹೊರಗೇ ತಡೆಯಲ್ಪಡುವುವೆಂದೂ ಕಂಡುಕೊಂಡನು. ಇದರಿಂದ ಪೊರೆಯು ಜಿಡ್ಡಿನಿಂದಾದದ್ದೆಂದು ಊಹೆಯಾಯಿತು.

1925ರಲ್ಲಿ ಹಾಲೆಂಡಿನ ಗೋರ್ಟರ್ ಮತ್ತು ಗ್ರೆಂಡೆಲ್ ಎಂಬವರು ರಕ್ತದ ಕೆಂಪು ಕಣಗಳಿಂದ ಜಿಡ್ಡನ್ನು ಬೇರ್ಪಡಿಸಿ ನೀರಿನ ಮೇಲೆ ಹರಡಿ ಅಳೆದರು. ಕಣಗಳ ಮೈಯನ್ನು ಒಂದು ಸಲವಲ್ಲ, ಎರಡು ಸಲ ಮುಚ್ಚುವಷ್ಟು ಜಿಡ್ಡು ದೊರೆಯಿತು. ಪೊರೆಯು ಎರಡು ಪದರಗಳುಳ್ಳದ್ದೆಂದು ಇದರಿಂದ ನಿರ್ಧರಿಸಿದರು. ಅವರ ಲೆಕ್ಕದಲ್ಲಿ ಎರಡು ತಪ್ಪುಗಳಿದ್ದು, ಅವು ಒಂದನ್ನೊಂದು ಸರಿದೂಗಿಸಿದುವೆಂದು ಅನಂತರ ತಿಳಿಯಬಂದಿತು. ಆದರೂ ಸಿದ್ಧಾಂತವು ಅಳಿಯದೆ ನಿಂತಿತು. ಹೀಗೂ ಆಗುವುದುಂಟು.

ಈ ಜಿಡ್ಡು ಸಾಮಾನ್ಯವಾದ ಎಣ್ಣೆಯಲ್ಲ. ಇದರ ಒಂದೊಂದು ಕಣಕ್ಕೂ ಒಂದು ತಲೆಯೂ ಎರಡು ಬಾಲಗಳೂ ಇರುವುವು. ತಲೆಯಲ್ಲಿ ರಂಜಕವಿದ್ದು ಅದು ನೀರನ್ನು ಬಯಸುವುದು. ಬಾಲಗಳು ಎಣ್ಣೆಯ ಜಾತಿಯವಾದುದರಿಂದ ನೀರಿಗೆ ಹೆದರುವುವು. ನೀರಿನ ನಡುವೆ ಇವು ಸಾಲಾಗಿ ನಿಂತಾಗ ಬಾಲಕ್ಕೆ ಬಾಲವನ್ನು ಎದುರುಮಾಡಿ, ತಲೆಗಳನ್ನು ಒಳಗಿನ ನೀರಿಗೂ ಹೊರಗಿನ ನೀರಿಗೂ ತೋರಿಸಿಕೊಂಡು, ತಾವಾಗಿಯೇ ಎರಡು ಪದರಗಳಾಗುವುವು. ರಂಜಕದ ಗೊಬ್ಬರವು ಎಳೆಯ ಬೇರಿಗೆ ಏಕೆ ಅಗತ್ಯವೆಂಬುದಕ್ಕೆ ಹಲವು ಕಾರಣಗಳಿದ್ದು, ಪ್ರತಿಯೊಂದು ಹೊಸ ಕಣಕ್ಕೂ ಹೊಸ ಪೊರೆ ಬೇಕಾಗುವುದೆಂಬುದು ಅವುಗಳಲ್ಲೊಂದು.

ಬರಿಯ ಜಿಡ್ಡಿನ ಪೊರೆಯಾಗಿದ್ದರೆ ಅದು ಬಾಗಿಲಿಲ್ಲದ ಕೋಟೆಯಾಗುತ್ತಿತ್ತು. 1972ರಲ್ಲಿ ಅಮೆರಿಕದ ಸಿಂಗರ್ ಮತ್ತು ನಿಕೋಲ್ಸನ್ ಎಂಬವರು ಇದರ ಪೂರ್ಣ ಚಿತ್ರವನ್ನು ಮುಂದಿಟ್ಟರು. ಜಿಡ್ಡಿನ ಪದರವು ಗಟ್ಟಿಯಾದ ಹಲಗೆಯಲ್ಲ, ಎಣ್ಣೆಯಂತೆ ಹರಿದಾಡುವುದು. ಅದರಲ್ಲಿ ಸಸಾರಜನಕದ ದೊಡ್ಡ ಕಣಗಳು ಕೆರೆಯ ನೀರಿನಲ್ಲಿ ತೇಲುವ ಮರದ ದಿಮ್ಮಿಗಳಂತೆ ಅಲ್ಲಲ್ಲಿ ಹುದುಗಿರುವುವು. ಈ ಸಸಾರಜನಕದ ಕಣಗಳೇ ಪೊರೆಯ ಬಾಗಿಲುಗಳು, ಏತಗಳು, ಕಾವಲುಗಾರರು. ಯಾವ ಪೈರು ಯಾವ ಉಪ್ಪನ್ನು ಒಳಕ್ಕೆ ಬಿಡುವುದು, ಯಾವುದನ್ನು ಹೊರಕ್ಕೆ ನೂಕುವುದು ಎಂಬ ಭೇದವೂ ಒಂದೇ ಪೈರಿನ ತಳಿ ತಳಿಗೆ ಇರುವ ಭೇದವೂ ಬಹುಮಟ್ಟಿಗೆ ಇವುಗಳಿಂದಲೇ ಬಂದದ್ದು.

ಜಿಡ್ಡು ಹರಿದಾಡುವಂತಿರಬೇಕೆಂಬುದಕ್ಕೆ ಚಳಿಗಾಲದ ಬೆಳಗ್ಗೆ ಕೊಬ್ಬರಿ ಎಣ್ಣೆಯು ಸೀಸೆಯಲ್ಲಿ ಹೆಪ್ಪುಗಟ್ಟಿ, ಪಕ್ಕದಲ್ಲಿಯೇ ಇರುವ ಕಡಲೆಕಾಯಿ ಎಣ್ಣೆಯು ಹರಿಯುತ್ತಿರುವುದನ್ನು ಜ್ಞಾಪಿಸಿಕೊಳ್ಳಬಹುದು. ಚಳಿಯನ್ನು ಸಹಿಸುವ ಗಿಡಗಳು ಹವೆಯು ತಂಪಾಗುತ್ತ ಬಂದಂತೆ ತಮ್ಮ ಪೊರೆಯಲ್ಲಿ ಎರಡನೆಯ ಜಾತಿಯ ಜಿಡ್ಡನ್ನು ಹೆಚ್ಚಿಸಿಕೊಳ್ಳುವುವು. ಬಾಳೆಯಂಥ ಉಷ್ಣದೇಶದ ಗಿಡಗಳಿಗೆ ಆ ಶಕ್ತಿ ಕಡಮೆ. ಆದುದರಿಂದಲೇ ಬಾಳೆಹಣ್ಣನ್ನು ಬಹಳ ತಣ್ಣಗಿರುವ ಪೆಟ್ಟಿಗೆಯಲ್ಲಿಟ್ಟರೆ ಪೊರೆಗಳು ಕೆಟ್ಟು ಸಿಪ್ಪೆಯು ಕಪ್ಪಾಗುವುದು.

ನೀರು ಹೋಗುವ ದಾರಿ

ಪೊರೆಯ ಎರಡು ಮಗ್ಗುಲಲ್ಲಿಯೂ ನೀರಿದ್ದರೆ, ಉಪ್ಪು ಸಕ್ಕರೆ ಮುಂತಾದುವು ಕಡಮೆಯಾಗಿ ಕರಗಿರುವ ಕಡೆಯಿಂದ ಹೆಚ್ಚಾಗಿ ಕರಗಿರುವ ಕಡೆಗೆ ನೀರು ಹರಿಯುವುದು. ಕರಗಿದ ಪದಾರ್ಥಗಳನ್ನು ಪೊರೆಯು ತಡೆಯುವುದು, ನೀರನ್ನು ಬಿಡುವುದು. ಅದರಿಂದಲೇ ಈ ಏಕಮುಖವಾದ ಹರಿವು ಉಂಟಾಗುತ್ತದೆ. ಒಳ್ಳೆಯ ನೆಲದಲ್ಲಿ ಮಣ್ಣಿನ ನೀರಿಗಿಂತಲೂ ಬೇರಿನ ರಸವು ಗಾಢವಾಗಿರುವುದರಿಂದ ನೀರು ಒಳಕ್ಕೆ ಬರುವುದು. ಮೇಲೆ ಎಲೆಗಳಿಂದ ನೀರು ಆವಿಯಾಗಿ ಹೋಗುತ್ತಿರುವುದೂ ಇದನ್ನು ಎಳೆದುಕೊಳ್ಳುವುದು.

ನೀರು ಜಿಡ್ಡಿನ ಪದರವನ್ನು ಹೇಗೆ ದಾಟುವುದೆಂಬುದು ಬಹುಕಾಲ ಬಿಡಿಸಲಾಗದ ಪ್ರಶ್ನೆಯಾಗಿತ್ತು. 1992ರಲ್ಲಿ ಅಮೆರಿಕದ ಪೀಟರ್ ಆಗ್ರೆ ಎಂಬವನು ರಕ್ತದ ಕೆಂಪು ಕಣಗಳಲ್ಲಿ ದೊರೆತ ಒಂದು ಸಸಾರಜನಕವು ನೀರಿಗೇ ಮೀಸಲಾದ ತೂಬೆಂದು ತೋರಿಸಿದನು. ಇದಕ್ಕಾಗಿ ಅವನಿಗೆ 2003ರಲ್ಲಿ ನೊಬೆಲ್ ಬಹುಮಾನವು ದೊರೆಯಿತು. ಇಂಥ ಒಂದು ತೂಬಿನಲ್ಲಿ ಸೆಕೆಂಡಿಗೆ ಸುಮಾರು 300 ಕೋಟಿ ನೀರಿನ ಕಣಗಳು ಸಾಲಾಗಿ ದಾಟುವುವು, ಉಪ್ಪಿನ ಒಂದು ಕಣವೂ ದಾಟುವುದಿಲ್ಲ. ಇದೇ ಜಾತಿಯ ತೂಬುಗಳು ಪೈರುಗಳ ಬೇರಿನಲ್ಲಿಯೂ ಇರುವುವು, ಮತ್ತು ಸಂದರ್ಭಾನುಸಾರ ಮುಚ್ಚಿಕೊಳ್ಳುವುವು. ಈ ಕಡೆಯ ಮಾತಿನ ಪ್ರಾಮುಖ್ಯವು ಮುಂದೆ ತಿಳಿಯುವುದು.

ಬೇರಿನ ಹೊರಭಾಗದಲ್ಲಿ ನೀರು ಕಣಗಳ ಗೋಡೆಗಳ ಮೂಲಕವೇ ಸ್ವಲ್ಪ ದೂರ ಹೋಗಬಹುದು. ಆದರೆ ಒಳಗಿನ ನಾಳಗಳನ್ನು ಸೇರುವುದಕ್ಕೆ ಮೊದಲು ಒಂದು ಸುತ್ತು ಕಣಗಳ ಗೋಡೆಗಳಲ್ಲಿ ನೀರು ಹಾಯದ ಪಟ್ಟಿಯೊಂದು ಕಟ್ಟಿರುವುದು. ಅಲ್ಲಿ ಗೋಡೆಯ ದಾರಿ ಮುಗಿಯಿತು. ನೀರೂ ಉಪ್ಪೂ ಪೊರೆಯನ್ನು ದಾಟಿಯೇ ಮುಂದೆ ಹೋಗಬೇಕು. ಪೈರು ಕುಡಿಯುವ ನೀರೆಲ್ಲವೂ ಈ ತಪಾಸಣೆಗೆ ಒಳಪಟ್ಟದ್ದೆಂದು ಹೇಳಿದರೆ ಹೆಚ್ಚು ತಪ್ಪಾಗಲಾರದು.

ಏತಕ್ಕೆ ಉಸಿರು ಬೇಕು

ನೀರು ತಾನಾಗಿ ಹರಿದು ಬರುವುದು. ಆಹಾರದ ಲವಣಗಳು ಹಾಗೆ ಬರುವುದಿಲ್ಲ. ಬೇರಿನ ಕಣದೊಳಗೆ ಪೊಟ್ಯಾಷಿನ ಗಾಢತೆಯು ಮಣ್ಣಿನ ನೀರಿನಲ್ಲಿರುವುದಕ್ಕಿಂತ ಅನೇಕ ವೇಳೆ ನೂರು ಮಡಿಗಿಂತಲೂ ಹೆಚ್ಚು. ತಗ್ಗಿನಿಂದ ದಿಣ್ಣೆಗೆ ನೀರನ್ನು ಏರಿಸುವುದಕ್ಕೆ ಏತವೋ ಕಪಿಲೆಯೋ ಬೇಕಾಗುವಂತೆ ಇಲ್ಲಿಯೂ ಬೇಕು. ಪೊರೆಯಲ್ಲಿ ಹುದುಗಿರುವ ಒಂದು ಬಗೆಯ ಸಸಾರಜನಕವು ಜಲಜನಕದ ವಿದ್ಯುತ್ಕಣಗಳನ್ನು ಎಡೆಬಿಡದೆ ಹೊರಕ್ಕೆ ಎತ್ತಿ ಹಾಕುತ್ತಿರುವುದು. ಇದರಿಂದ ಪೊರೆಯ ಒಳಗು ಋಣವಿದ್ಯುತ್ತಿನದಾಗಿಯೂ ಹೊರಗು ಹುಳಿಯಾಗಿಯೂ ಆಗಿ, ಆ ಸೆಳೆತದ ಬಲದಿಂದ ಪೊಟ್ಯಾಷು, ಸಾರಜನಕದ ಲವಣಗಳು ಮೊದಲಾದುವು ತಮ್ಮ ತಮ್ಮ ಬಾಗಿಲುಗಳಿಂದ ಒಳಕ್ಕೆ ಬರುವುವು.

ಕಪಿಲೆಗೆ ಎತ್ತುಗಳು ಹೇಗೋ ಈ ಏತಕ್ಕೆ ಬೇರಿನ ಉಸಿರಾಟವು ಹಾಗೆ. ಎಲೆಯಿಂದ ಇಳಿದು ಬಂದ ಸಕ್ಕರೆಯನ್ನು ಆಮ್ಲಜನಕದ ಸಹಾಯದಿಂದ ಉರಿಸಿ ಬೇರು ಶಕ್ತಿಯನ್ನು ಪಡೆಯುವುದು. ಆ ಶಕ್ತಿಯ ಗಣನೀಯವಾದ ಭಾಗವು ಪೊರೆಯ ಏತಕ್ಕೆ ವ್ಯಯವಾಗುವುದು. ನೆಲದಲ್ಲಿ ನೀರು ನಿಂತು ಮಣ್ಣಿನ ಸಂದುಗಳಲ್ಲಿದ್ದ ಗಾಳಿಯು ಹೊರಬಿದ್ದರೆ ಆಮ್ಲಜನಕವು ಬೇರಿಗೆ ತಲುಪುವುದಿಲ್ಲ. ಏಕೆಂದರೆ ಅದು ನೀರಿನಲ್ಲಿ ಹರಡುವ ವೇಗವು ಗಾಳಿಯಲ್ಲಿ ಹರಡುವ ವೇಗದ ಹತ್ತು ಸಾವಿರದಲ್ಲೊಂದು ಪಾಲು ಮಾತ್ರ. ಉಸಿರು ಕಟ್ಟಿದ ಬೇರಿನಲ್ಲಿ ಎರಡು ಹಾನಿಗಳು ಒಟ್ಟಿಗೆ ಸಂಭವಿಸುವುವು. ಏತವು ನಿಲ್ಲುವುದರಿಂದ ಪೈರಿಗೆ ಸಾರಜನಕವೂ ಪೊಟ್ಯಾಷೂ ದೊರೆಯದೆ ಎಲೆ ಹಳದಿಯಾಗುವುದು. ಜೀವರಸವು ಹುಳಿಯಾಗುವುದರಿಂದ ಮೇಲೆ ಹೇಳಿದ ನೀರಿನ ತೂಬುಗಳು ಮುಚ್ಚಿಕೊಳ್ಳುವುವು. ನೀರಿನಲ್ಲಿಯೇ ನಿಂತ ಪೈರು ನೀರಿಲ್ಲದೆ ಬಾಡುವುದು.

ಮುಸುಕಿನ ಜೋಳ, ತೊಗರಿ, ಮೆಣಸಿನ ಗಿಡಗಳಲ್ಲಿ ಇದು ಬೇಗ ಕಾಣುವುದು. ಭತ್ತದ ಕಾಂಡ ಬೇರುಗಳಲ್ಲಿ ಎಲೆಯಿಂದ ಗಾಳಿಯನ್ನು ಇಳಿಸುವ ಪೊಳ್ಳು ದಾರಿಗಳಿರುವುದರಿಂದ ಅದು ನಿಂತ ನೀರಿನಲ್ಲಿ ಬದುಕಬಲ್ಲದು. ಭತ್ತವು ಬೆಳೆಯುವ ಗದ್ದೆಯಲ್ಲಿ ಇತರ ಪೈರೂ ಬೆಳೆಯಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಮಳೆಯಲ್ಲಿ ಮುಳುಗಿ ಹಳದಿಯಾದ ಪೈರಿಗೆ ಅದೇ ದಿನ ಯೂರಿಯಾ ಚೆಲ್ಲುವುದೂ ನಿಷ್ಪ್ರಯೋಜಕ. ಮೊದಲು ನೀರು ಬಸಿಯಬೇಕು, ಬೇರು ಉಸಿರಾಡಬೇಕು, ಅನಂತರ ಗೊಬ್ಬರ.

ಚೌಳು

ನದಿಯ ನೀರಿನಲ್ಲಿಯೂ ಅಲ್ಪಸ್ವಲ್ಪ ಉಪ್ಪಿರುತ್ತದೆ; ಕಪ್ಪು ನೆಲದ ಕೆಳಪದರಗಳಲ್ಲಿ ಇನ್ನೂ ಹೆಚ್ಚು. ಮೇಲಿನ ಜಮೀನುಗಳಿಗೆ ಮಿತಿಮೀರಿ ನೀರು ಬಿಟ್ಟರೆ ಅಂತರ್ಜಲವು ಏರಿ ತಗ್ಗಿನಲ್ಲಿ ನೆಲದ ಸಮೀಪಕ್ಕೆ ಬರುವುದು. ಅಲ್ಲಿಂದ ನೀರು ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಏರಿ ಆವಿಯಾಗಿ ಹೋಗುವುದು. ಉಪ್ಪು ಮೇಲೆ ಉಳಿಯುವುದು. ಪುಣೆಯ ಕಡೆಯ ನೀರಾ ಕಣಿವೆಯಲ್ಲಿ 1885ರಲ್ಲಿ ನಾಲೆಯು ತೆರೆದ ಮೇಲೆ ಹೀಗೆಯೇ ನೆಲ ಕೆಟ್ಟದ್ದನ್ನು ಹೆರಾಲ್ಡ್ ಮ್ಯಾನ್ ಎಂಬ ವಿಜ್ಞಾನಿಯು ಪರೀಕ್ಷಿಸಿ 1910ರಲ್ಲಿ ವಿವರಿಸಿದನು. ತುಂಗಭದ್ರಾ ನಾಲೆಗಳಲ್ಲಿ 1953ರಿಂದ ನೀರು ಹರಿಯತೊಡಗಿದ ಮೇಲೆ ರಾಯಚೂರು, ಕೊಪ್ಪಳದ ಸೀಮೆಯ ಕಪ್ಪು ನೆಲಗಳಲ್ಲಿಯೂ ಅದೇ ಕಥೆ ನಡೆಯಿತು. ಮೇಲಿನವನು ಭತ್ತಕ್ಕೆ ಹೆಚ್ಚಾಗಿ ಕಟ್ಟಿದ ನೀರು ಕೆಳಗಿನವನ ಹೊಲದಲ್ಲಿ ಉಪ್ಪಾಗಿ ಏಳುವುದರಿಂದ, ಇದು ಒಬ್ಬ ರೈತನಿಂದ ಪರಿಹಾರವಾಗತಕ್ಕ ವಿಷಯವಲ್ಲ; ಊರಿನ ಮುಖ್ಯಸ್ಥರು ಕೂಡಿ ಯೋಚಿಸತಕ್ಕ ವಿಷಯವಾಗಿದೆ.

ಉಪ್ಪು ಪೈರನ್ನು ಎರಡು ಬಗೆಯಲ್ಲಿ ಕೆಡಿಸುವುದು. ಮೊದಲನೆಯದು, ಮಣ್ಣಿನ ನೀರು ಗಾಢವಾಗುವುದರಿಂದ ಪೊರೆಯ ಮೂಲಕ ನೀರು ಒಳಕ್ಕೆ ಬರುವ ಸೆಳೆತವು ಕುಗ್ಗುವುದು. ಅತಿಯಾದರೆ ಬೇರಿನಿಂದಲೇ ನೀರು ಹೊರಬರುವುದು. ಎರಡನೆಯದು ನಿಧಾನವಾದದ್ದು. ಉಪ್ಪಿನಲ್ಲಿರುವ ಸೋಡಿಯಮ್ಮು ಪೊಟ್ಯಾಷಿಗೆ ಹೋಲುವುದರಿಂದ ಅದರ ಬಾಗಿಲುಗಳಲ್ಲಿ ನುಸುಳುವುದು. ಒಳಹೊಕ್ಕ ಸೋಡಿಯಮ್ಮನ್ನು ಪೊರೆಯು ಏತದಿಂದ ಹೊರಕ್ಕೆ ಎತ್ತಿಹಾಕುವುದು. ಉಳಿದದ್ದನ್ನು ಒಳಗಿನ ಪೊರೆಯು ರಸಚೀಲದಲ್ಲಿ ಸೆರೆಯಿಡುವುದು. ಈ ಕೆಲಸಗಳಿಗೆ ಶಕ್ತಿ ಬೇಕು, ಶಕ್ತಿಗೆ ಉಸಿರು ಬೇಕು. ಚೌಳೂ ನಿಂತ ನೀರೂ ಒಂದೇ ಹೊಲದಲ್ಲಿ ಸೇರಿದರೆ ಬೇರೆ ಬೇರೆಯಾಗಿ ಮಾಡುವುದಕ್ಕಿಂತ ಹೆಚ್ಚು ಹಾನಿಯನ್ನು ಮಾಡುವುದು ಈ ಕಾರಣದಿಂದಲೇ. ಮೊದಲು ಹೇಳಿದ ಒಕ್ಕಲಿಗನು ಬಾಡಿದ ಕಬ್ಬಿಗೆ ಮತ್ತೆ ನೀರು ಕಟ್ಟಿದಾಗ, ಉಪ್ಪನ್ನು ಹೊರದೂಡುತ್ತಿದ್ದ ಏತದ ಎತ್ತುಗಳನ್ನೇ ಬಿಚ್ಚಿ ಕಳುಹಿಸಿದಂತಾಯಿತು.

ಅಮೆರಿಕದ ರಿವರ್‌ಸೈಡ್ ಊರಿನ ಲವಣ ಪರಿಶೋಧನಾಲಯವು 1954ರಲ್ಲಿ ಪ್ರಕಟಿಸಿದ ಕೈಪಿಡಿಯಲ್ಲಿ, ನೀರು ಪೂರ್ಣವಾಗಿ ಕುಡಿದ ಮಣ್ಣಿನಿಂದ ತೆಗೆದ ರಸದ ವಿದ್ಯುದ್ವಾಹಕತೆಯು ಮೀಟರಿಗೆ 4 ಡೆಸಿಸೀಮೆನ್ಸ್ ಮೀರಿದ ನೆಲವನ್ನು ಚೌಳೆಂದು ಗಣಿಸಿದೆ. ಇದೇ ಅಳತೆಯಲ್ಲಿ ಇಳುವರಿ ಕುಗ್ಗಲಾರಂಭಿಸುವ ಮಟ್ಟವು ಕಬ್ಬಿಗೆ 1.7, ಭತ್ತಕ್ಕೆ 3, ಗೋಧಿಗೆ 6, ಹತ್ತಿಗೆ 7.7, ಬಾರ್ಲಿಗೆ 8. ಕಬ್ಬು ಎಷ್ಟು ಸುಕುಮಾರವಾದ ಪೈರೆಂಬುದು ಇದರಿಂದ ವ್ಯಕ್ತವಾಗುವುದು. ನೆಲವು ಕೆಡುತ್ತಿರುವ ಸೂಚನೆಯು ಬಿಳಿಯ ಹುಡಿ ಕಾಣುವುದಕ್ಕೆ ಬಹಳ ಮುಂಚೆ ಕಬ್ಬಿನಲ್ಲಿ ಕಾಣುವುದು. ಒಂದು ಎಚ್ಚರಿಕೆ: ನಮ್ಮ ಮಣ್ಣು ಪರೀಕ್ಷಾಲಯಗಳಲ್ಲಿ ಸಾಮಾನ್ಯವಾಗಿ ಮಣ್ಣಿಗೆ ಎರಡೂವರೆ ಪಾಲು ನೀರು ಬೆರಸಿ ಅಳೆಯುವುದರಿಂದ ಚೀಟಿಯಲ್ಲಿ ಬರುವ ಅಂಕಿಯು ಇದಕ್ಕಿಂತ ಬಹಳ ಚಿಕ್ಕದಾಗಿರುವುದು. ಅಲ್ಲಿ 1 ಎಂದಿದ್ದರೂ ಅದು ಗಮನಿಸತಕ್ಕದ್ದೇ.

ಮಣ್ಣಿನ ನೀರು ಅರ್ಧಕ್ಕೆ ಆರಿದರೆ ಉಳಿದ ನೀರಿನ ಉಪ್ಪು ಇಮ್ಮಡಿ ಗಾಢವಾಗುವುದು. ಆದುದರಿಂದ ಚೌಳು ನೆಲದಲ್ಲಿ ಪೈರು ಬಾಡುವವರೆಗೆ ಕಾದು ಒಮ್ಮೆಗೇ ಹೊಡೆಯುವುದಕ್ಕಿಂತ ಸ್ವಲ್ಪ ಸ್ವಲ್ಪವಾಗಿ ಬೇಗ ಬೇಗ ನೀರು ಕೊಡುವುದು ಮೇಲು. ಬೋದು ಸಾಲುಗಳಲ್ಲಿ ನೀರು ಬೋದಿನ ನೆತ್ತಿಗೆ ಏರಿ ಆರುವುದರಿಂದ ಉಪ್ಪು ಅಲ್ಲಿಯೇ ಸೇರುವುದು. ಬೀಜವನ್ನು ನೆತ್ತಿಯಲ್ಲಿಡದೆ ಮಗ್ಗುಲಿನ ಇಳಿಜಾರಿನಲ್ಲಿ ಇಡತಕ್ಕದ್ದು. ಭತ್ತವು ಎಳೆಯದಾಗಿರುವಾಗಲೂ ಹೊಡೆಯೊಡೆದು ಹೂವಾಗುವಾಗಲೂ ಉಪ್ಪಿಗೆ ಹೆಚ್ಚು ಹೆದರುವುದು. ಮೂವತ್ತು ಮೂವತ್ತೈದು ದಿನದ ಬಲಿತ ಸಸಿಗಳನ್ನು ಗುಣಿಗೆ ನಾಲ್ಕೈದರಂತೆ ನಾಟಿ ಹಾಕಿದರೆ ಹಾಳಾಗುವುದು ಕಡಮೆ. ಹರಿಯಾಣದ ಕರ್ನಾಲಿನಲ್ಲಿ 1969ರಲ್ಲಿ ಸ್ಥಾಪಿತವಾದ ಕೇಂದ್ರ ಲವಣ ಮೃತ್ತಿಕಾ ಸಂಶೋಧನಾಲಯವು ಉಪ್ಪನ್ನು ತಡೆಯುವ ಭತ್ತದ ತಳಿಗಳನ್ನು ಹೊರತಂದಿದೆ.

ನೆಲದಿಂದ ಉಪ್ಪನ್ನು ತೊಳೆಯುವುದೊಂದೇ ನಿಜವಾದ ಪರಿಹಾರ. ಒಂದು ಅಡಿ ಆಳದ ಮಣ್ಣಿನಿಂದ ಉಪ್ಪಿನ ಸುಮಾರು ಐದರಲ್ಲಿ ನಾಲ್ಕು ಪಾಲು ಹೋಗಬೇಕಾದರೆ ಅದರ ಮೂಲಕ ಒಂದು ಅಡಿಯಷ್ಟು ಒಳ್ಳೆಯ ನೀರು ಇಳಿದು ಹೋಗಬೇಕೆಂಬುದು ಸ್ಥೂಲವಾದ ಲೆಕ್ಕ. ಇಳಿದ ನೀರು ಹೊರಹೋಗುವುದಕ್ಕೆ ಬಸಿಗಾಲುವೆಯಿಲ್ಲದಿದ್ದರೆ ಈ ಲೆಕ್ಕವೆಲ್ಲವೂ ವ್ಯರ್ಥ. ಉಪ್ಪು ಮರಳಿ ಏರುವುದು. ಹಳ್ಳದವರೆಗೆ ಬಸಿಗಾಲುವೆಯು ಹೋಗಬೇಕಾದರೆ ಹಲವರ ಹಿಡುವಳಿಗಳನ್ನು ಹಾದುಹೋಗಬೇಕಾಗುವುದು. ಒಬ್ಬನು ತನ್ನ ಬದುವನ್ನು ಬಿಟ್ಟುಕೊಡಲಾರೆನೆಂದು ಹಟ ಹಿಡಿದರೆ ಮೇಲಿನ ಹತ್ತು ಜನರ ಗದ್ದೆಗಳು ಕೆಡುವುವು. ಮುಖ್ಯಸ್ಥರು ಇಂಥ ಸ್ಥಳಗಳಲ್ಲಿ ಮುಂದೆ ನಿಂತು ಒಪ್ಪಂದ ಮಾಡಿಸುವುದು ಅವಶ್ಯಕ.

ಜಿಪ್ಸಮ್ಮಿನ ವಿಷಯದಲ್ಲಿ ತಪ್ಪು ತಿಳಿವಳಿಕೆಯುಂಟು. ಬಿಳಿಯ ಹುಡಿ ಕಂಡಲ್ಲೆಲ್ಲ ಜಿಪ್ಸಮ್ಮನ್ನು ಚೆಲ್ಲಿ ಹಣ ಕಳೆದುಕೊಂಡವರಿದ್ದಾರೆ. ಬರಿಯ ಚೌಳಿಗೆ ಬೇಕಾದದ್ದು ತೊಳೆಯುವ ನೀರು ಮತ್ತು ಬಸಿಗಾಲುವೆ. ಸೋಡಿಯಮ್ಮು ಜೇಡಿಯ ಕಣಗಳಿಗೇ ಅಂಟಿಕೊಂಡು, ನೆಲವು ಒದ್ದೆಯಾದಾಗ ಕೆಸರಾಗಿಯೂ ಒಣಗಿದಾಗ ಕಲ್ಲಿನಂತೆಯೂ ಆಗುವ ಕ್ಷಾರದ ನೆಲಕ್ಕೆ ಜಿಪ್ಸಮ್ಮು ಬೇಕು. ಅದರ ಸುಣ್ಣದ ಸತ್ವವಾದ ಕ್ಯಾಲ್ಸಿಯಮ್ಮು ಜೇಡಿಯಿಂದ ಸೋಡಿಯಮ್ಮನ್ನು ಬಿಡಿಸುವುದು. ಬಿಡುಗಡೆಯಾದದ್ದನ್ನು ಆಮೇಲೆ ನೀರಿನಿಂದ ತೊಳೆಯಬೇಕು. ಪೊರೆಗೂ ಕ್ಯಾಲ್ಸಿಯಮ್ಮಿನಿಂದ ನೇರವಾದ ಪ್ರಯೋಜನವುಂಟು. ಅದು ಜಿಡ್ಡಿನ ತಲೆಗಳನ್ನು ಒಂದಕ್ಕೊಂದು ಬೆಸೆದು ಪೊರೆಯನ್ನು ಬಿಗಿಗೊಳಿಸುವುದು, ಸೋಡಿಯಮ್ಮು ನುಸುಳುವುದನ್ನು ತಗ್ಗಿಸುವುದು. 1969ರಲ್ಲಿ ಲಾಹೇ ಮತ್ತು ಎಪ್‌ಸ್ಟೀನ್ ಎಂಬವರು ಉಪ್ಪುನೀರಿನಲ್ಲಿ ಬೆಳೆಸಿದ ಹುರುಳಿಕಾಯಿ ಗಿಡಗಳಿಗೆ ಕ್ಯಾಲ್ಸಿಯಮ್ಮನ್ನು ಹೆಚ್ಚಿಸಿಕೊಟ್ಟಾಗ ಅವು ಉಪ್ಪನ್ನು ತಾಳಿದುದನ್ನು ತೋರಿಸಿದರು. ಜಿಪ್ಸಮ್ಮಿನ ಪ್ರಮಾಣವನ್ನು ಮಣ್ಣು ಪರೀಕ್ಷೆಯಾದ ಮೇಲೆಯೇ ಗೊತ್ತುಮಾಡತಕ್ಕದ್ದು.

ಬೀಜದ ಪಕ್ಕದ ಗೊಬ್ಬರ

ಒಳ್ಳೆಯ ನೆಲದಲ್ಲಿಯೂ ರೈತನು ತನ್ನ ಕೈಯಿಂದಲೇ ಅಂಗೈಯಗಲದ ಚೌಳನ್ನು ಉಂಟುಮಾಡುವುದುಂಟು. ರಾಸಾಯನಿಕ ಗೊಬ್ಬರಗಳೂ ನೀರಿನಲ್ಲಿ ಕರಗಿದಾಗ ಮೊಳಕೆಯ ಪೊರೆಗೆ ಉಪ್ಪುಗಳೇ. ಅಷ್ಟೇ ತೂಕದ ಚಿಲಿಯ ಸೋಡಾ ನೈಟ್ರೇಟಿನ ಉಪ್ಪಿನ ಗುಣವನ್ನು 100 ಎಂದಿಟ್ಟುಕೊಂಡರೆ ಮ್ಯೂರಿಯೇಟ್ ಆಫ್ ಪೊಟ್ಯಾಷಿನದು ಸುಮಾರು 116, ಯೂರಿಯಾದ್ದು 75, ಅಮೋನಿಯಂ ಸಲ್ಫೇಟಿನದು 69, ಸೂಪರ್ ಫಾಸ್ಫೇಟಿನದು 8 ಮಾತ್ರ. ಸೂಪರನ್ನು ಬೀಜದ ಹತ್ತಿರ ಹಾಕಿದರೂ ಮೊಳಕೆ ಉಳಿಯುವುದು, ಪೊಟ್ಯಾಷು ತಗುಲಿದರೆ ಸುಡುವುದು ಎಂಬ ಅನುಭವಕ್ಕೆ ಇದೇ ಕಾರಣ. ಯೂರಿಯಾದಲ್ಲಿ ಮತ್ತೊಂದು ಅಪಾಯವುಂಟು. ಅದು ಮಣ್ಣಿನಲ್ಲಿ ಒಡೆದು ಅಮೋನಿಯಾ ಎಂಬ ಘಾಟಿನ ಅನಿಲವಾಗುವುದು. ಈ ಅನಿಲಕ್ಕೆ ವಿದ್ಯುತ್ತಿಲ್ಲದಿರುವುದರಿಂದ ಪೊರೆಯು ಅದನ್ನು ತಡೆಯಲಾರದೆ ಮೊಳಕೆಯು ವಿಷಪೀಡಿತವಾಗುವುದು. ಇವೆರಡನ್ನೂ ಬೀಜದಿಂದ ಎರಡು ಮೂರು ಅಂಗುಲ ಪಕ್ಕಕ್ಕೂ ಕೆಳಕ್ಕೂ ಇಡುವುದು, ಇಲ್ಲವೇ ಮೊಳಕೆ ನಿಂತ ಮೇಲೆ ಹಸಿಯಿರುವ ನೆಲಕ್ಕೆ ಕಂತುಗಳಲ್ಲಿ ಕೊಡುವುದು ಲೇಸು.

ಹಳೆಯ ಬೀಜವು ಹುಟ್ಟದಿರುವುದಕ್ಕೂ ಪೊರೆಯ ಸಂಬಂಧವುಂಟು. ಒಣಗಿದ ಬೀಜದಲ್ಲಿ ಪೊರೆಗಳು ಸುಕ್ಕುಗಟ್ಟಿರುವುವು. ನೆನೆದಾಗ ಹೊಸ ಬೀಜದವು ಬೇಗನೆ ಸರಿಹೋಗುವುವು, ಮುದಿಯಾದವು ಸರಿಹೋಗದೆ ಒಳಗಿನ ಸಕ್ಕರೆಯೂ ಲವಣವೂ ಸೋರಿಹೋಗುವುವು. ಸೋರಿದ ಸಕ್ಕರೆಗೆ ಮಣ್ಣಿನ ಬೂಷ್ಟು ಮುತ್ತುವುದು.

ಪೊರೆಯು ಶತ್ರುವಿನದಾದಾಗ

ಪೈರಿನ ಪೊರೆಯನ್ನು ಕಾಪಾಡುವುದು ಹೇಗೆ ಮುಖ್ಯವೋ, ಪೈರಿನ ಶತ್ರುವಿನ ಪೊರೆಯನ್ನು ಕೆಡಿಸುವುದೂ ಹಾಗೆಯೇ. ಮಲೆನಾಡಿನ ಅಡಕೆಯ ಕೊಳೆರೋಗದ ಮೂಲವನ್ನು ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬವನು ಪರಿಶೋಧಿಸಿ 1910ರಲ್ಲಿ ಪ್ರಕಟಿಸಿ, ಬೋರ್ಡೋ ದ್ರಾವಣದ ಸಿಂಪಡಿಕೆಯನ್ನು ಬಳಕೆಗೆ ತಂದನು. ಆ ರೋಗದ ಬೀಜಕಣಗಳು ಮಳೆಯ ನೀರಿನಲ್ಲಿ ಈಜಾಡುವ ಸ್ಥಿತಿಯಲ್ಲಿ ಅವುಗಳಿಗೆ ಗೋಡೆಯಿಲ್ಲ, ಬರಿಯ ಪೊರೆ ಮಾತ್ರ. ಅಡಕೆಯ ಮೇಲೆ ಮೊದಲೇ ಹಿಡಿದಿರುವ ದ್ರಾವಣದಿಂದ ತಾಮ್ರವು ಸ್ವಲ್ಪ ಸ್ವಲ್ಪವಾಗಿ ಕರಗಿ ಆ ಪೊರೆಯನ್ನೂ ಒಳಗಿನ ಸಸಾರಜನಕಗಳನ್ನೂ ಹಾಳುಮಾಡುವುದು. ಬೀಜಕಣವು ಕಾಯಿಯನ್ನು ಹೊಕ್ಕ ಮೇಲೆ ಹೊರಗಿನ ತಾಮ್ರವು ಅದಕ್ಕೆ ತಟ್ಟದು. ಆದುದರಿಂದ ಮಳೆಗಾಲವು ಹಿಡಿಯುವುದಕ್ಕೆ ಮುಂಚೆಯೇ ಸಿಂಪಡಿಸತಕ್ಕದ್ದು.

ಬರಿಯ ಮೈಲುತುತ್ತದ ನೀರು ಅಡಕೆಯ ಪೊರೆಯನ್ನೂ ಸುಡುವುದು. ಅದನ್ನು ತಡೆಯುವುದಕ್ಕಾಗಿಯೇ ಸುಣ್ಣವು ಸೇರಿಸಲ್ಪಡುತ್ತದೆ. ನೂರು ಲೀಟರು ದ್ರಾವಣಕ್ಕೆ ಮೈಲುತುತ್ತ ಒಂದು ಕಿಲೋಗ್ರಾಂ, ಒಳ್ಳೆಯ ಸುಣ್ಣ ಒಂದು ಕಿಲೋಗ್ರಾಂ ಬೇಕು. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ತಿಳಿಗೆ ಕಲಕುತ್ತ ಹುಯ್ಯತಕ್ಕದ್ದು. ಕಬ್ಬಿಣದ ಪಾತ್ರೆಯನ್ನು ಉಪಯೋಗಿಸಕೂಡದು. ಸಿದ್ಧವಾದ ಮೇಲೆ ತಿಕ್ಕಿ ಹೊಳೆಯುವಂತೆ ಮಾಡಿದ ಕುಡುಗೋಲಿನ ಅಲುಗನ್ನು ಒಂದೆರಡು ನಿಮಿಷ ಅದರಲ್ಲಿ ಅದ್ದಿ ತೆಗೆದಾಗ ಕೆಂಪು ಬಣ್ಣ ಹಿಡಿದಿದ್ದರೆ ತಾಮ್ರವು ಇನ್ನೂ ಬಿಡಿಯಾಗಿ ಉಳಿದಿದೆಯೆಂದು ತಿಳಿದು, ಅಲುಗಿಗೆ ಬಣ್ಣ ಹಿಡಿಯದಂತಾಗುವವರೆಗೆ ಸುಣ್ಣದ ತಿಳಿಯನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ, ಅದೇ ದಿನ ಸಿಂಪಡಿಸಿ ಮುಗಿಸತಕ್ಕದ್ದು.